ಅಡುಗೆಮನೆಯಲ್ಲಿ ಆಂಟೆನಾ ಎಳೆದ ದಿನ

2011ರ ಏಪ್ರಿಲ್ 2, ಶನಿವಾರ. ವಾಂಖೆಡೆಯಲ್ಲಿ ಭಾರತ–ಶ್ರೀಲಂಕಾ ಫೈನಲ್ ಮಧ್ಯಾಹ್ನ ಎರಡೂವರೆಗೆ. ಮುಂಬೈಯ ಮಾಟುಂಗಾದ ಉಡುಪಿ ಹೋಟೆಲಿಗೆ ಅದು ಊಟದ ಗದ್ದಲ ಇಳಿದು ಮರುದಿನದ ಹಿಟ್ಟಿಗೆ ಗ್ರೈಂಡರ್ ಹಾಕುವ ಹೊತ್ತು. ಗಲ್ಲಾದ ಮೇಲಿನ ಟಿವಿ ಗಿರಾಕಿಗಳಿಗೆ. ಒಳಗಿನವರಿಗೆ ಅದರ ಬೆನ್ನು ಮಾತ್ರ ಕಾಣುತ್ತದೆ. ಒಳಗೆ ಇದ್ದದ್ದು ಎರಡು ಮೊಬೈಲು. ಒಂದು ಎಡ್ಜ್, ಅಂದರೆ 2ಜಿ ಕಾಲದ ಇಂಟರ್ನೆಟ್, ಇರುವ ನೋಕಿಯಾ. ಇನ್ನೊಂದು ಮನೀಷ್ ಮಾರ್ಕೆಟ್ಟಿನಿಂದ ತಂದ, ಮೂಲೆಯಿಂದ ಆಂಟೆನಾ ಎಳೆಯುವ ಚೈನಾ ಸೆಟ್. ಎಲ್ಲರ ನಂಬಿಕೆ ನೋಕಿಯಾದ ಮೇಲೆ.

ನೋಕಿಯಾದಲ್ಲಿ ಸ್ಕೋರ್ ಪುಟ ತೆರೆಯುತ್ತಿತ್ತು, ವಿಡಿಯೋ ಬರುತ್ತಿರಲಿಲ್ಲ. ಆಗ ಇದು ತೀರಾ ಸಾಮಾನ್ಯ ತಕರಾರು. ಮೊಬೈಲ್ ಕಂಪನಿಯಿಂದ ಎಸ್ಸೆಮ್ಮೆಸ್ಸಿನಲ್ಲಿ ಬರುವ ಸೆಟ್ಟಿಂಗನ್ನು 1234 ಒತ್ತಿ ಉಳಿಸಿಕೊಂಡರೆ ಎಲ್ಲ ಮುಗಿಯಿತು ಎಂದುಕೊಳ್ಳುತ್ತಿದ್ದರು. ಬರುತ್ತಿದ್ದದ್ದು ಎರಡು ಆಕ್ಸೆಸ್ ಪಾಯಿಂಟ್, ಅಂದರೆ ನೆಟ್ಟಿಗೆ ಹೋಗುವ ಎರಡು ದಾರಿ: ಒಂದು ಮೊಬೈಲ್ ಪುಟಗಳಿಗಾಗಿ ಮಾಡಿದ ವ್ಯಾಪ್, ಇನ್ನೊಂದು ಇಂಟರ್ನೆಟ್. ವ್ಯಾಪ್ ದಾರಿ ಕಂಪನಿಯ ಪ್ರಾಕ್ಸಿ ಎಂಬ ನಡುವಿನ ಕಂಪ್ಯೂಟರ್ ಮೂಲಕ ಹೋಗುತ್ತಿತ್ತು. ಪುಟಗಳಿಗೆ ಸಾಕು, ಆದರೆ ಆರ್‌ಟಿಎಸ್‌ಪಿ ಎಂಬ ಕ್ರಮದಲ್ಲಿ ಹರಿಯುವ ವಿಡಿಯೋ ಆ ಬಾಗಿಲಲ್ಲಿ ತೂರುತ್ತಿರಲಿಲ್ಲ. ಪ್ಲೇಯರಿನ ಸ್ಟ್ರೀಮಿಂಗ್ ಸೆಟ್ಟಿಂಗ್ ಬ್ರೌಸರಿನದ್ದಕ್ಕಿಂತ ಬೇರೆಯೇ ಇರುತ್ತದೆ. ಅಲ್ಲಿ ಇಂಟರ್ನೆಟ್ ಆಕ್ಸೆಸ್ ಪಾಯಿಂಟ್ ಆರಿಸಿ, ಪ್ರಾಕ್ಸಿ ತೆಗೆದು, ಫೋನ್ ಒಮ್ಮೆ ಆಫ್ ಮಾಡಿ ಆನ್ ಮಾಡಬೇಕು. ಹಾಗೆ ಮಾಡಿದ ಮೇಲೆ ಬಂತು: 176 ಅಡ್ಡ 144 ಚುಕ್ಕಿಯ ಚಿತ್ರ. ಅದರಲ್ಲಿ ಚೆಂಡು ಕಾಣುವುದಿಲ್ಲ. ಬೌಲರ್ ಕೈ ಬೀಸಿದ್ದು, ಬ್ಯಾಟ್ ತಿರುಗಿದ್ದು ಕಂಡರೆ ಪುಣ್ಯ.

ಖರ್ಚಿನ ಲೆಕ್ಕವನ್ನೂ ಹಾಕಿ. ಪ್ಯಾಕ್ ಇಲ್ಲದಿದ್ದರೆ ಆಗ 10 ಕೆಬಿಗೆ 10 ಪೈಸೆ. ಸೆಕೆಂಡಿಗೆ 100 ಕಿಲೋಬಿಟ್‌ನ ವಿಡಿಯೋ ಒಂದು ಗಂಟೆಗೆ ಸುಮಾರು 45 ಎಂಬಿ ನುಂಗುತ್ತದೆ, ಅಂದರೆ 450 ರೂಪಾಯಿ. ಆಪೆರಾ ಮಿನಿ ಬ್ರೌಸರಿನಲ್ಲಿ 20 ಕೆಬಿಯ ಸ್ಕೋರ್ ಪುಟವನ್ನು ಓವರಿಗೊಮ್ಮೆ ತೆರೆದರೆ 100 ಓವರಿಗೆ 20 ರೂಪಾಯಿ. ತಿಂಗಳ ಪ್ಯಾಕ್ ಹಾಕಿಸಿದ್ದರಿಂದ ನೋಕಿಯಾದವನು ಬಚಾವು.

ದುಡ್ಡಿಗೆ ಪ್ಯಾಕ್ ಇದೆ, ಟವರಿಗೆ ಇಲ್ಲವಲ್ಲ. ಎಡ್ಜ್‌ನಲ್ಲಿ ನಾಲ್ಕು ಸ್ಲಾಟ್, ಅಂದರೆ ಟವರ್ ಹಂಚುವ ಸಮಯದ ತುಂಡು, ಪೂರ್ತಿ ಸಿಕ್ಕರೆ ಕಾಗದದ ಮೇಲೆ ಸೆಕೆಂಡಿಗೆ 236.8 ಕಿಲೋಬಿಟ್. ಆ ಸ್ಲಾಟ್‌ಗಳು ಮಾತಿನ ಕರೆಗೂ ಬೇಕು, ಮತ್ತು ಕರೆಗೇ ಮೊದಲ ಮರ್ಯಾದೆ. ಒಬ್ಬೊಬ್ಬರು ಫೋನ್ ಎತ್ತಿದಂತೆಲ್ಲ ಡೇಟಾ ಪಾಲು ಕರಗುತ್ತದೆ. ಇಡೀ ಮುಂಬೈ ಒಂದೇ ಆಟದ ಬಗ್ಗೆ ಮಾತಾಡುವ ದಿನ ಬಫರಿಂಗ್ ಚಕ್ರ ತಿರುಗದೆ ಇನ್ನೇನು ತಿರುಗೀತು?

ಚೈನಾ ಸೆಟ್ಟಿಗೆ ಈ ರಗಳೆ ಇಲ್ಲ. ಅದರೊಳಗಿರುವುದು ಮನೆಯ ಹಳೇ ಟಿವಿಯಲ್ಲಿದ್ದ ಅನಲಾಗ್ ಟ್ಯೂನರಿನ ಬೆರಳುಗುರಿನಷ್ಟು ಚಿಪ್. ಸಿಮ್ ಬೇಡ, ಬ್ಯಾಲೆನ್ಸ್ ಬೇಡ. ಐಎಂಇಐ ಎಂಬ ಗುರುತಿನ ಸಂಖ್ಯೆ ಇಲ್ಲದ ಸೆಟ್ಟುಗಳ ಸೇವೆಯನ್ನು 2009ರ ನವೆಂಬರ್ 30ರ ಮಧ್ಯರಾತ್ರಿ ಕಡಿದರಲ್ಲ, ಆ ಮೇಲೂ ಅವು ಟಿವಿಯಾಗಿ ಬದುಕಿದ್ದು ಇದರಿಂದಲೇ. ವರ್ಲಿಯ ದೂರದರ್ಶನ ಗೋಪುರ ಮಾಟುಂಗಾದಿಂದ ಕೆಲವೇ ಕಿಲೋಮೀಟರ್. ನೋಡುವವರು ಹತ್ತು ಜನವಿರಲಿ, ಹತ್ತು ಲಕ್ಷವಿರಲಿ, ಅದರ ಸಿಗ್ನಲ್ ಹಂಚಿ ಹೋಗುವುದಿಲ್ಲ.

ಆದರೂ ಮೊದಲಿಗೆ ದನಿ ಬರಲಿಲ್ಲ. ಚಿತ್ರ ಲಕ್ಷಣವಾಗಿದೆ, ಸ್ಪೀಕರಿನಲ್ಲಿ ಬರೀ ಶ್‌ಶ್‌. ಸೆಟ್ ಕೆಟ್ಟಿದೆ ಎಂದು ಮಾರ್ಕೆಟ್ಟಿಗೆ ವಾಪಸು ಒಯ್ದವರು ಎಷ್ಟೋ ಮಂದಿ. ಕೆಟ್ಟಿರುವುದಿಲ್ಲ. ಪಾಲ್ ಎಂಬ ಅನಲಾಗ್ ಟಿವಿ ಪದ್ಧತಿಯ ಚೀನಾ ಬಗೆಯಲ್ಲಿ ದನಿ ಚಿತ್ರಕ್ಕಿಂತ 6.5 ಮೆಗಾಹರ್ಟ್ಸ್ ಮೇಲೆ ಕೂತಿರುತ್ತಿತ್ತು, ನಮ್ಮಲ್ಲಿ 5.5. ಟಿವಿ ಮೆನುವಿನಲ್ಲಿ ಪ್ರದೇಶ ಎಂಬಲ್ಲಿ ಚೀನಾ ತೆಗೆದು ಇಂಡಿಯಾ ಹಾಕಬೇಕು. ಇಂಡಿಯಾ ಇಲ್ಲದಿದ್ದರೆ ನಮ್ಮ ಬಗೆಯಾದ ಪಾಲ್ ಬಿ ಇರುವ ಬೇರಾವುದಾದರೂ ದೇಶ. ಆಮೇಲೆ ಹೊಸದಾಗಿ ಚಾನೆಲ್ ಹುಡುಕಿಸಬೇಕು, ಏಕೆಂದರೆ ಚಾನೆಲ್‌ಗಳ ನಡುವಿನ ಅಂತರವೂ ಬೇರೆ: ಅಲ್ಲಿ 8 ಮೆಗಾಹರ್ಟ್ಸ್, ಇಲ್ಲಿ 7.

ಎರಡನೆಯ ತಪ್ಪು ಆಂಟೆನಾ ಹಿಡಿಯುವುದರಲ್ಲಿ. ಎಲ್ಲರೂ ಅದನ್ನು ಅಗರಬತ್ತಿಯ ಹಾಗೆ ನೆಟ್ಟಗೆ ನಿಲ್ಲಿಸುತ್ತಾರೆ. ಮಾಳಿಗೆಯ ಮೇಲಿನ ಹಳೇ ಟಿವಿ ಆಂಟೆನಾದ ಕಡ್ಡಿಗಳನ್ನು ನೆನಪಿಸಿಕೊಳ್ಳಿ, ಮಲಗಿರುತ್ತವಲ್ಲವೇ? ದೂರದರ್ಶನದ ಅಲೆ ಅಡ್ಡಲಾಗಿ ಬರುತ್ತದೆ. ಆದ್ದರಿಂದ ಕಡ್ಡಿಯನ್ನು ಮಲಗಿಸಿ, ಗೋಪುರದತ್ತ ಮೊನೆ ತೋರದೆ, ಅದಕ್ಕೆ ಅಡ್ಡವಾಗಿ ಇಡಬೇಕು. ಕಡ್ಡಿಯ ಉದ್ದವೂ ಸಾಲದು. ಕಡ್ಡಿ ಅಲೆಯ ಉದ್ದದ ಕಾಲು ಭಾಗವಿರಬೇಕು; ಟಿವಿಯ ವಿಎಚ್‌ಎಫ್ ಅಲೆಗಳಲ್ಲಿ ಮೇಲಿನ ಬ್ಯಾಂಡಿಗೇ ಕಾಲು ಅಲೆ ಎಂದರೆ 32ರಿಂದ 43 ಸೆಂಟಿಮೀಟರ್; ಕೆಳಗಿನ ಬ್ಯಾಂಡಿಗೆ ಒಂದು ಮೀಟರಿಗೂ ಮಿಕ್ಕಿ. ಸೆಟ್ಟಿನ ಕಡ್ಡಿ ಒಂದು ಗೇಣು ಇದ್ದರೆ ಹೆಚ್ಚು. ಒಂದು ಮೊಳ ವೈರಿನ ತುದಿ ಸುಲಿದು ಕಡ್ಡಿಗೆ ಸುತ್ತಿ, ಉಳಿದದ್ದನ್ನು ಕಿಟಕಿಯ ಮರದ ಚೌಕಟ್ಟಿನ ಗುಂಟ ಎಳೆದದ್ದೇ ಎರಡೆರಡಾಗಿ ಕಾಣುತ್ತಿದ್ದ ಜಯವರ್ಧನೆ ಒಬ್ಬನಾದ.

ಆಮೇಲೆ ಉಳಿದದ್ದು ಮಿಕ್ಸಿ. ಗ್ರೈಂಡರ್ ಎಷ್ಟು ಹೊತ್ತು ತಿರುಗಿದರೂ ಚಿತ್ರಕ್ಕೆ ಏನೂ ಆಗದು, ಅದರ ಮೋಟಾರಿಗೆ ಕಾರ್ಬನ್ ಬ್ರಷ್ ಇಲ್ಲ. ಮಿಕ್ಸಿಗೆ ಇದೆ. ಚಟ್ನಿಗೆ ಗುಂಡಿ ತಿರುಗಿಸಿದ ಕ್ಷಣ ಬ್ರಷ್ಷಿನ ಕಿಡಿಗಳೆಲ್ಲ ಪರದೆಯ ಮೇಲೆ ಸಾಸಿವೆ ಸಿಡಿದಂತೆ. ಅಡುಗೆಯ ಭಟ್ಟರು ಎರಡು ಓವರಿನ ನಡುವೆ ಮಾತ್ರ ಚಟ್ನಿ ಎಂದು ಕಟ್ಟಳೆ ಮಾಡಿದರು. ಸೆಟ್ಟಿನೊಳಗಿನ ಸಿಮ್ ಕೂಡ ಶತ್ರುವೇ: ಕರೆ ಬರುವ ಮುಂಚೆ ಟರ್‌ರ್ ಟರ್‌ರ್ ಎಂದು ಸದ್ದು, ಕರೆ ಬಂದರೆ ಟಿವಿಯೇ ಬಂದ್. ಎರಡೂ ಸಿಮ್ ಕಿತ್ತಿಟ್ಟದ್ದಾಯಿತು.

ಬ್ಯಾಟರಿ ವಿಷಯದಲ್ಲಿ ಚೈನಾ ಸೆಟ್ಟಿನ ಮಾತು ನಂಬಬಾರದು. ಮೇಲೆ 3000 ಎಂಎಎಚ್ ಎಂದು ಬರೆದದ್ದು ಎರಡು ಗಂಟೆ ಓಡಿದರೆ ಹೆಚ್ಚು. ಅನಲಾಗ್ ಟ್ಯೂನರಿಗೆ ನಿದ್ದೆ ಎಂಬುದಿಲ್ಲ. ಮೊಬೈಲಿಗೆಂದೇ ಮಾಡಿದ ಡಿವಿಬಿ-ಎಚ್ ಎಂಬ ಡಿಜಿಟಲ್ ಟಿವಿಯಲ್ಲಿ ಪ್ರಸಾರ ಕಂತುಕಂತಾಗಿ ಬರುತ್ತಿತ್ತು, ಎರಡು ಕಂತಿನ ನಡುವೆ ಟ್ಯೂನರ್ ಮಲಗುತ್ತಿತ್ತು. ಅದನ್ನು ದೂರದರ್ಶನ 2007ರಲ್ಲಿ ಶುರು ಮಾಡಿದ್ದು ದೆಹಲಿಯಲ್ಲಿ. ನಮಗೆ ಸಿಕ್ಕದ್ದು ಕ್ಲಿಪ್ ಚಾರ್ಜರ್. ಅದರ ಎರಡು ಪಿನ್ನುಗಳನ್ನು ಬ್ಯಾಟರಿಯ ಕೊನೆಯ ಎರಡು ತಗಡಿಗೇ ತಾಗಿಸಬೇಕು. ಮಧ್ಯದ ತಗಡು ಬ್ಯಾಟರಿಯ ಗುರುತಿನದು. ಪಿನ್ ಅಲ್ಲಿ ಕೂತರೆ ರಾತ್ರಿಯಿಡೀ ಇಟ್ಟರೂ ಚಾರ್ಜ್ ಏರದು. ಮೂರು ಬ್ಯಾಟರಿ ಸರದಿಯಲ್ಲಿ ಇಡೀ ಆಟಕ್ಕೆ ಸಾಕಾದವು.

ಲಂಕಾದ 274ಕ್ಕೆ ಉತ್ತರ ಶುರುವಾಗಿ ಎರಡನೇ ಎಸೆತಕ್ಕೇ ಸೆಹ್ವಾಗ್ ಎಲ್‌ಬಿಡಬ್ಲ್ಯು. ಚೈನಾ ಸೆಟ್ಟಿನ ಬಳಿ ಎಲ್ಲರೂ ತಲೆಮೇಲೆ ಕೈ ಹೊತ್ತಾಗ ನೋಕಿಯಾದಲ್ಲಿ ಸೆಹ್ವಾಗ್ ಇನ್ನೂ ಗಾರ್ಡ್ ತೆಗೆದುಕೊಳ್ಳುತ್ತಿದ್ದ. ಅರ್ಧ ನಿಮಿಷಕ್ಕೂ ಹಿಂದೆ. ಅಲ್ಲಿಂದ ಆಚೆ ನೋಕಿಯಾದ ಸುತ್ತ ಯಾರೂ ಉಳಿಯಲಿಲ್ಲ.

49ನೇ ಓವರಿನ ಎರಡನೇ ಎಸೆತ, ಕುಲಶೇಖರನಿಗೆ ಧೋನಿ ಸಿಕ್ಸ್. ಹೊರಗೆ ಪಟಾಕಿ, ನೋಕಿಯಾದಲ್ಲಿ ಎಡ್ಜ್‌ನ ಇ ಅಕ್ಷರ ಉರಿಯುತ್ತಿದೆ, ಏನೂ ಇಳಿಯುತ್ತಿಲ್ಲ. ಚೈನಾ ಸೆಟ್ಟಿನಲ್ಲಿ ಒಂದು ರೆಕಾರ್ಡ್ ಗುಂಡಿಯಿತ್ತು, ಕೊನೆಯ ಎರಡು ಓವರಿಗೆ ಯಾರೋ ಅದನ್ನು ಒತ್ತಿಟ್ಟಿದ್ದರು. ಮರುದಿನ ಬೆಳಗ್ಗೆ ಕೊನೆಯ ತುಂಡು ಬ್ಲೂಟೂತಿನಲ್ಲಿ ಮೊದಲು ಹೋದದ್ದು ನೋಕಿಯಾಕ್ಕೆ, ಆಮೇಲೆ ಪಕ್ಕದ ಹೋಟೆಲಿಗೆ, ಅಲ್ಲಿಂದ ಸಯನ್ ಕಡೆಗೆ. ಸಿಕ್ಸ್ ಹೊಡೆದ ಕ್ಷಣದಲ್ಲಿ ಪರದೆಯ ತುಂಬ ಸಾಸಿವೆ. ಆ ಓವರಿನಲ್ಲಿ ಕಟ್ಟಳೆ ಯಾರಿಗೂ ನೆನಪಿರಲಿಲ್ಲ.