ಹಕ್ಕಿ ಕತ್ತೆತ್ತಿದರೆ ಹೆಜ್ಜೆ ನಿಲ್ಲಬೇಕು

ಜೌಗು ಪ್ರದೇಶದ ಕಾಲುದಾರಿಗಳಲ್ಲಿ ಜನರನ್ನು ಕರೆದುಕೊಂಡು ಹೋಗಿ ಹಕ್ಕಿ, ಪ್ರಾಣಿಗಳನ್ನು ತೋರಿಸುವುದು ನನ್ನ ಕೆಲಸ. "ಇನ್ನೂ ಸ್ವಲ್ಪ ಹತ್ತಿರ ಹೋಗಬಹುದೇ?" ಎಂದು ಎಲ್ಲರೂ ಕೇಳುತ್ತಾರೆ. ಉತ್ತರ ಹಕ್ಕಿಯ ಮೈಯಲ್ಲೇ ಇರುತ್ತದೆ. ಅದನ್ನು ಓದಲು ಕಲಿತದ್ದೇ ಈ ಕೆಲಸದಲ್ಲಿ ನನ್ನ ದೊಡ್ಡ ಗಳಿಕೆ.

ಕೆಸರಿನಲ್ಲಿ ಮೇಯುವ ಗದ್ದೆಗೊರವವನ್ನು ಗಮನಿಸಿ. ಕೊಕ್ಕು ಕೆಸರಿನಲ್ಲಿದ್ದಷ್ಟು ಹೊತ್ತು ಅದಕ್ಕೆ ನಮ್ಮ ಗೊಡವೆಯಿಲ್ಲ. ಮೇಯುವುದನ್ನು ಬಿಟ್ಟು ಕತ್ತು ನೀಳ ಮಾಡಿತೋ, ಅಲ್ಲಿಗೆ ನಮ್ಮ ಹೆಜ್ಜೆ ನಿಲ್ಲಬೇಕು. ಮತ್ತೆ ಮೇಯತೊಡಗಿದರೆ ಸರಿ, ಇಲ್ಲದಿದ್ದರೆ ನಾವೇ ಹಿಂದೆ ಸರಿಯಬೇಕು. ಹಕ್ಕಿಯತ್ತ ನೇರವಾಗಿ ನಡೆಯುವುದಕ್ಕಿಂತ ಓರೆಯಾಗಿ ಸಾಗುವುದು ಲೇಸು. ಏರಿಯ ಮೇಲೆ ಆಕಾಶಕ್ಕೆದುರಾಗಿ ನಿಲ್ಲುವ ಬದಲು ಜೊಂಡಿನ ಮರೆಯಲ್ಲಿ ನಿಂತರೆ ಅದಕ್ಕೂ ನೆಮ್ಮದಿ, ನಮಗೂ ಹೆಚ್ಚು ಹೊತ್ತಿನ ನೋಟ.

ಇಷ್ಟೊಂದು ಎಚ್ಚರ ಏಕೆಂದರೆ, ವಲಸೆ ಹಕ್ಕಿಗೆ ಈ ಕೆಸರು ಬುತ್ತಿ ಕಟ್ಟಿಕೊಳ್ಳುವ ಜಾಗ. 2022ರ ಅಕ್ಟೋಬರ್‌ನಲ್ಲಿ ಪಟ್ಟೆಬಾಲದ ಗಾಡ್‌ವಿಟ್ ಎಂಬ ವಲಸೆ ಹಕ್ಕಿಯ ಮರಿಯೊಂದು ಅಲಾಸ್ಕಾದಿಂದ ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾದವರೆಗೆ ಸುಮಾರು 13,560 ಕಿಲೋಮೀಟರ್ ದೂರವನ್ನು ಎಲ್ಲಿಯೂ ಇಳಿಯದೆ 11 ದಿನಗಳಲ್ಲಿ ಹಾರಿತು. ಅದಕ್ಕೆ ಬೇಕಾದ ಕೊಬ್ಬು ಕೂಡುವುದು ಇಂಥ ಕೆಸರುಬಯಲಿನಲ್ಲೇ. ಒಂದು ಫೋಟೋಗಾಗಿ ಹಕ್ಕಿಯನ್ನು ಎಬ್ಬಿಸಿದರೆ ಅದರ ಊಟದ ಹೊತ್ತೂ ಹೋಯಿತು, ಕೂಡಿಟ್ಟ ಶಕ್ತಿಯೂ ಹೋಯಿತು.

ಹಕ್ಕಿಗಳು ಕಾಣದ ಹೊತ್ತಿನಲ್ಲೂ ದಾರಿ ಬರಿದಲ್ಲ. ಜೊಂಡಿನ ಕಡ್ಡಿಗೆ ಅಂಟಿಕೊಂಡ ಏರೋಪ್ಲೇನ್ ಚಿಟ್ಟೆಯ ಪೊರೆಯನ್ನು ಹುಡುಕಿ ತೋರಿಸುತ್ತೇನೆ. ನೀರಿನಲ್ಲಿ ಬೆಳೆದ ಮರಿ ಮೇಲೆ ಹತ್ತಿ, ಬೆನ್ನು ಸೀಳಿಕೊಂಡು ರೆಕ್ಕೆಯ ಜೀವಿಯಾಗಿ ಹೊರಬಂದ ಗುರುತು ಅದು. ಕಾಲುಗಳ ಉಗುರು ಇನ್ನೂ ಕಡ್ಡಿಯನ್ನು ಹಿಡಿದೇ ಇರುತ್ತವೆ. ಸೀಳಿನಲ್ಲಿ ಬಿಳಿಯ ಎಳೆಗಳು ಕಾಣುತ್ತವೆ. ಅವು ಉಸಿರಾಟದ ನಳಿಗೆಗಳ ಒಳಪೊರೆ. ದೊಡ್ಡ ಹಕ್ಕಿಗಾಗಿ ಚಡಪಡಿಸುತ್ತಿದ್ದವರೂ ಇದರ ಮುಂದೆ ಮಂಡಿಯೂರುತ್ತಾರೆ. ನೀರಂಚಿನ ಕಲ್ಲಿನ ಮೇಲೆ ಮೀನಿನ ಹುರುಪೆಗಳಿರುವ ಹಿಕ್ಕೆ ಸಿಕ್ಕರಂತೂ, ನೀರುನಾಯಿ ಕಣ್ಣಿಗೆ ಬೀಳದಿದ್ದರೂ ಮಾತೆಲ್ಲ ಅದರದ್ದೇ.

ಗೂಡಿನ ವಿಷಯದಲ್ಲಿ ಮಾತ್ರ ನಾನು ಯಾರ ಮುಲಾಜಿಗೂ ಒಳಗಾಗುವುದಿಲ್ಲ. ತಾಯಿಹಕ್ಕಿ ಎದ್ದು ಹೋದರೆ ಮೊಟ್ಟೆಗಳು ಬಿಸಿಲಿಗೆ ಬೇಯುತ್ತವೆ, ಇಲ್ಲವೇ ಕಾಗೆಯ ಪಾಲಾಗುತ್ತವೆ. ಗೂಡು ಕಂಡ ಕೂಡಲೇ ಗುಂಪನ್ನು ಬೇರೆ ದಾರಿಗೆ ತಿರುಗಿಸುತ್ತೇನೆ, ಕ್ಯಾಮೆರಾ ಎಷ್ಟೇ ದೊಡ್ಡದಿರಲಿ.