ಕೆಮಿಸ್ಟ್ರಿ ಒಲಿಂಪಿಯಾಡ್‌ಗೆ ಎಲ್ಲಿಂದ ಶುರು ಮಾಡುವುದು?

"ಯಾವ ಪುಸ್ತಕ ಓದಬೇಕು?" ಹೈಸ್ಕೂಲ್ ಮಕ್ಕಳು ನನ್ನನ್ನು ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಇದೇ. ಓದುವ ವಯಸ್ಸಿನಲ್ಲಿ ನಾನೂ ಈ ಸ್ಪರ್ಧೆಗಳ ಹುಚ್ಚು ಹಿಡಿಸಿಕೊಂಡಿದ್ದವಳು, ಈಗ ಬಿಡುವಿದ್ದಾಗ ಮಕ್ಕಳಿಗೆ ಹೇಳಿಕೊಡುತ್ತೇನೆ. ನನ್ನ ಉತ್ತರ ಅವರಿಗೆ ಅಷ್ಟಾಗಿ ಹಿಡಿಸುವುದಿಲ್ಲ. ಸದ್ಯಕ್ಕೆ ದಪ್ಪ ಪುಸ್ತಕ ಬೇಡ, ಒಂದು ಹಳೆಯ ಪ್ರಶ್ನೆಪತ್ರಿಕೆ ಹಿಡಿದು ಕೂತುಕೊಳ್ಳಿ ಎನ್ನುತ್ತೇನೆ.

ಅಂತರರಾಷ್ಟ್ರೀಯ ಕೆಮಿಸ್ಟ್ರಿ ಒಲಿಂಪಿಯಾಡ್ ಶುರುವಾಗಿದ್ದು 1968ರಲ್ಲಿ, ಪ್ರಾಗ್‌ನಲ್ಲಿ. ಆಗ ಬಂದಿದ್ದು ಮೂರೇ ದೇಶ: ಜೆಕೊಸ್ಲೊವಾಕಿಯಾ, ಪೋಲೆಂಡ್, ಹಂಗರಿ. ಅಲ್ಲಿಂದ ಇಲ್ಲಿವರೆಗಿನ ಪ್ರಶ್ನೆಗಳು ಉತ್ತರಸಮೇತ ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಮೊದಲ ವರ್ಷಗಳ ಪ್ರಶ್ನೆಗಳು ಈಗಿನವುಗಳಿಗಿಂತ ಎಷ್ಟೋ ಸುಲಭ. ಹಾಗಾಗಿ ಹಳೆಯದರಿಂದಲೇ ಹತ್ತಿಕೊಂಡು ಬನ್ನಿ. ಹೊಸದನ್ನು ತೆರೆದರೆ ಮೊದಲ ಪುಟದಲ್ಲೇ ಎದೆ ಒಡೆಯುತ್ತದೆ, ಸುಮ್ನೆ ಯಾಕೆ?

ಒಂದೆರಡು ಪತ್ರಿಕೆ ನೋಡಿದರೆ ಒಂದು ವಿಷಯ ಗೊತ್ತಾಗುತ್ತದೆ. ಇಲ್ಲಿ ಬಾಯಿಪಾಠ ಒಪ್ಪಿಸಿ ಅಂತ ಕೇಳುವುದಿಲ್ಲ. ಆವರ್ತಕ ಕೋಷ್ಟಕ, ಸ್ಥಿರಾಂಕಗಳನ್ನೆಲ್ಲ ಅವರೇ ಕೊಡುತ್ತಾರೆ. ನೀವು ಹೆಸರೇ ಕೇಳದ ಒಂದು ವಸ್ತುವನ್ನು ಮುಂದಿಟ್ಟು, ನಾಲ್ಕು ಸುಳಿವು ಕೊಟ್ಟು, ಇದೇನು ಹೇಳಿ ಎನ್ನುತ್ತಾರೆ. ಪತ್ತೇದಾರಿಕೆಯ ಕೆಲಸ. ಅದಕ್ಕೆ ಬೇಕಾದ ಮುಖ್ಯ ಆಯುಧ ಮೋಲ್ ಲೆಕ್ಕ, ಅಂದರೆ ತೂಕ ನೋಡಿ ಅಣು-ಪರಮಾಣುಗಳನ್ನು ಎಣಿಸುವ ಲೆಕ್ಕ.

ಒಂದನ್ನು ಇಲ್ಲೇ ಬಿಡಿಸೋಣ. ಇಂಗಾಲ, ಹೈಡ್ರೋಜನ್, ಆಮ್ಲಜನಕ ಮಾತ್ರ ಇರುವ 0.60 ಗ್ರಾಂ ವಸ್ತುವನ್ನು ಪೂರ್ತಿ ಸುಟ್ಟರು. 0.88 ಗ್ರಾಂ ಕಾರ್ಬನ್ ಡೈಆಕ್ಸೈಡ್, 0.36 ಗ್ರಾಂ ನೀರು ಬಂತು. 0.88ನ್ನು ಕಾರ್ಬನ್ ಡೈಆಕ್ಸೈಡ್‌ನ ಅಣುತೂಕ 44ರಿಂದ ಭಾಗಿಸಿದರೆ 0.02 ಮೋಲ್, ಅಂದರೆ ಇಂಗಾಲ 0.24 ಗ್ರಾಂ. ನೀರೂ 0.02 ಮೋಲ್. ಒಂದೊಂದು ಅಣುವಿನಲ್ಲೂ ಎರಡು ಹೈಡ್ರೋಜನ್ ಇರುವುದರಿಂದ ಅದು 0.04 ಮೋಲ್, ತೂಕ 0.04 ಗ್ರಾಂ. ಉಳಿದ 0.32 ಗ್ರಾಂ ಆಮ್ಲಜನಕ, ಅದು 0.02 ಮೋಲ್. ಅನುಪಾತ 1:2:1. ಅಣುತೂಕ 60 ಅಂತ ಕೊಟ್ಟಿದ್ದರೆ ಸೂತ್ರ ಎರಡು ಇಂಗಾಲ, ನಾಲ್ಕು ಹೈಡ್ರೋಜನ್, ಎರಡು ಆಮ್ಲಜನಕ.

ಶಾಲೆಯ ಪರೀಕ್ಷೆ ಇಲ್ಲಿಗೆ ಮುಗಿಯುತ್ತದೆ. ಒಲಿಂಪಿಯಾಡ್ ಇಲ್ಲಿಂದ ಶುರು. ಅಡಿಗೆ ಸೋಡಾ ದ್ರಾವಣಕ್ಕೆ ಹಾಕಿದಾಗ ಗುಳ್ಳೆ ಬಂದರೆ ಅದು ಅಸಿಟಿಕ್ ಆಸಿಡ್. ಬರಲಿಲ್ಲವಾ? ಮೀಥೈಲ್ ಫಾರ್ಮೇಟ್ ಇರಬಹುದು, ಹೈಡ್ರಾಕ್ಸಿ ಅಸಿಟಾಲ್ಡಿಹೈಡ್ ಇರಬಹುದು. ಆಲ್ಡಿಹೈಡ್ ಇದ್ದರೆ ಗಾಜಿನ ಒಳಗೆ ಬೆಳ್ಳಿ ಹೊಳಪು ಕೂರಿಸುವ ಬೆಳ್ಳಿ ಕನ್ನಡಿ ಪರೀಕ್ಷೆ ಮಾಡಿದರೆ ಸಾಲದು, ಏಕೆಂದರೆ ಫಾರ್ಮೇಟ್ ಕೂಡ ಅದರಲ್ಲಿ ಪಾಸಾಗಿಬಿಡಬಹುದು. ಹಾಗಾದರೆ ಇನ್ಯಾವ ಸುಳಿವು ಬೇಕು? ಸೋಡಿಯಂ ಲೋಹದ ಜೊತೆ ಹೈಡ್ರೋಜನ್ ಬರುತ್ತದಾ ಅಂತ ಕೇಳಬೇಕು. ಬಂದರೆ ಓಎಚ್ (ಆಮ್ಲಜನಕ-ಹೈಡ್ರೋಜನ್) ಗುಂಪಿದೆ, ಅಂದರೆ ಅದು ಹೈಡ್ರಾಕ್ಸಿ ಅಸಿಟಾಲ್ಡಿಹೈಡ್ ಎಂದರ್ಥ. ಹೀಗೆ ಒಂದು ಸೂತ್ರದಿಂದ ಮೂರು ವಸ್ತು, ಮೂರನ್ನು ಬೇರೆ ಮಾಡಲು ಎರಡು ಪರೀಕ್ಷೆ. ನನಗೆ ಕೆಮಿಸ್ಟ್ರಿಯ ರುಚಿ ಹತ್ತಿದ್ದು ಇಂಥ ಪ್ರಶ್ನೆಗಳಿಂದಲೇ.

ಮೋಲ್ ಲೆಕ್ಕ ಕಣ್ಣುಮುಚ್ಚಿ ಮಾಡುವಷ್ಟು ಸಲೀಸಾಗುವವರೆಗೆ ಬೇರೆ ಕಡೆ ಜಾಸ್ತಿ ತಲೆ ಹಾಕಬೇಡಿ. ಆಮೇಲೆ ಸಮತೋಲನ, ಆಮ್ಲ-ಪ್ರತ್ಯಾಮ್ಲ, ರೆಡಾಕ್ಸ್. ಆರ್ಗ್ಯಾನಿಕ್ ಅಂದರೆ ಮಕ್ಕಳು ಹೆಸರುಳ್ಳ ರಿಯಾಕ್ಷನ್‌ಗಳ ಪಟ್ಟಿ ಮಾಡಿ ಉರು ಹೊಡೆಯಲು ಕೂರುತ್ತಾರೆ. ನನಗೆ ಅದು ಅಷ್ಟು ಸರಿ ಕಾಣುವುದಿಲ್ಲ. ಎಲೆಕ್ಟ್ರಾನ್ ಎಲ್ಲಿ ಜಾಸ್ತಿ ಇದೆ, ಎಲ್ಲಿ ಕಮ್ಮಿ ಇದೆ, ಯಾವ ಕಡೆ ಹೋಗುತ್ತದೆ ಎಂದು ಬಾಣ ಎಳೆಯುವುದನ್ನು ಕಲಿತರೆ ಆ ಪಟ್ಟಿಯಲ್ಲಿ ಅರ್ಧಕ್ಕರ್ಧ ತಾನಾಗಿ ನೆನಪಿರುತ್ತದೆ. ಇನಾರ್ಗ್ಯಾನಿಕ್‌ನಲ್ಲಿ ಮಾತ್ರ ಸ್ವಲ್ಪ ಬಾಯಿಪಾಠ ಇದ್ದದ್ದೇ. ಯಾವ ಅಯಾನಿಗೆ ಯಾವ ಬಣ್ಣ, ಯಾವುದು ಒತ್ತರಿಸುತ್ತದೆ (ಕರಗದೆ ಪುಡಿಯಾಗಿ ಬೇರೆಯಾಗುತ್ತದೆ) ಎನ್ನುವುದು ನಾಲಿಗೆ ತುದಿಯಲ್ಲಿರಬೇಕು.

ಎಲ್ಲರೂ ಮರೆಯುವುದು ಪ್ರಾಕ್ಟಿಕಲ್. ಅಂತರರಾಷ್ಟ್ರೀಯ ಹಂತದಲ್ಲಿ ಅದಕ್ಕೆ ನೂರರಲ್ಲಿ 40 ಅಂಕ, ಥಿಯರಿಗೆ 60. ಅಷ್ಟು ದೊಡ್ಡ ಪಾಲನ್ನು ಕಡೆಯ ವಾರಕ್ಕೆ ಬಿಡುವುದು ಯಾವ ಲೆಕ್ಕ?

ಟೈಟ್ರೇಶನ್ ತೆಗೆದುಕೊಳ್ಳಿ, ಅಂದರೆ ಬ್ಯೂರೆಟ್ ಎಂಬ ಅಳತೆಯ ಕೊಳವೆಯಿಂದ ಒಂದು ದ್ರಾವಣವನ್ನು ಫ್ಲಾಸ್ಕ್‌ನಲ್ಲಿರುವ ಇನ್ನೊಂದಕ್ಕೆ ಬಿಟ್ಟು ಅದರ ಪ್ರಮಾಣ ಕಂಡುಹಿಡಿಯುವುದು. ಬ್ಯೂರೆಟನ್ನು ಅದಕ್ಕೆ ತುಂಬುವ ದ್ರಾವಣದಿಂದಲೇ ತೊಳೆಯಬೇಕು, ಕೋನಿಕಲ್ ಫ್ಲಾಸ್ಕನ್ನು ಬರೀ ಡಿಸ್ಟಿಲ್ಡ್ ವಾಟರ್‌ನಿಂದ. ಯಾಕೆ ಅಂತ ಕೇಳಿದರೆ ಬಹಳ ಮಕ್ಕಳು "ಲ್ಯಾಬ್‌ನಲ್ಲಿ ಹಾಗೇ ಹೇಳಿದ್ದಾರೆ" ಎನ್ನುತ್ತಾರೆ. ಬ್ಯೂರೆಟ್‌ನಲ್ಲಿ ನೀರಿನ ಹನಿ ಉಳಿದರೆ ದ್ರಾವಣ ತೆಳ್ಳಗಾಗಿ ರೀಡಿಂಗ್ ಜಾಸ್ತಿ ಬರುತ್ತದೆ. ಫ್ಲಾಸ್ಕ್‌ನಲ್ಲಿ ನೀರಿದ್ದರೆ ಏನೂ ಆಗದು, ಪಿಪೆಟ್‌ನಿಂದ ಬಿಟ್ಟ ಮೋಲ್ ಅಷ್ಟೇ ಇರುತ್ತದೆ. ನೋಡಿ, ಇಲ್ಲೂ ಮೋಲೇ. ಇನ್ನು ಬಣ್ಣ ಬದಲಿಸಿ ಕೊನೆ ತೋರಿಸುವ ಫಿನಾಲ್ಫ್ಥಲೀನ್ ಹಾಕಿ ಆಸಿಡ್‌ಗೆ ಸೋಡಿಯಂ ಹೈಡ್ರಾಕ್ಸೈಡ್ ಬಿಡುತ್ತಿದ್ದರೆ ಕೊನೆ ಹತ್ತಿರ ಹನಿಹನಿಯಾಗಿ ಬಿಡಿ. ಕೆಳಗೆ ಬಿಳಿ ಹಾಳೆ ಇಡಿ. ಕಂಡೂ ಕಾಣದಂಥ ತಿಳಿ ಗುಲಾಬಿ ಅರ್ಧ ನಿಮಿಷ ನಿಂತರೆ ಸಾಕು. ಆಮೇಲೆ ಬಣ್ಣ ಹೋದರೆ ಗಾಬರಿಯಾಗಿ ಇನ್ನೊಂದು ಹನಿ ಬಿಡಬೇಡಿ, ಗಾಳಿಯ ಕಾರ್ಬನ್ ಡೈಆಕ್ಸೈಡ್ ಸೇರಿ ಹಾಗಾಗುತ್ತದೆ. ಗಾಢ ಗುಲಾಬಿ ಬಂತೋ, ಆ ರೀಡಿಂಗ್ ಬಿಟ್ಟು ಮತ್ತೆ ಮಾಡಿ.

ಲ್ಯಾಬ್ ಸಿಗದವರು ಮನೆಯಲ್ಲಿ ಆಸಿಡ್ ತಂದು ಸಾಹಸ ಮಾಡಬೇಡಿ. ಕಾಗದದ ಮೇಲೂ ಒಂದು ಮಟ್ಟಿಗೆ ಅಭ್ಯಾಸ ಆಗುತ್ತದೆ. ಹೆಸರು ಬರೆಯದ ನಾಲ್ಕು ಟೆಸ್ಟ್ ಟ್ಯೂಬ್: ಬೇರಿಯಂ ಕ್ಲೋರೈಡ್, ಸೋಡಿಯಂ ಸಲ್ಫೇಟ್, ಸೋಡಿಯಂ ಕಾರ್ಬೊನೇಟ್, ಹೈಡ್ರೋಕ್ಲೋರಿಕ್ ಆಸಿಡ್. ಒಂದಕ್ಕೊಂದು ಬೆರೆಸಿಯೇ ಯಾವುದು ಯಾವುದೆಂದು ಹೇಳಬೇಕು, ಹೊರಗಿನ ಏನನ್ನೂ ಬಳಸುವಂತಿಲ್ಲ. ಒಟ್ಟು ಆರು ಜೋಡಿ, ಒಂದು ಕೋಷ್ಟಕ ಬರೆಯಿರಿ. ಎರಡರ ಜೊತೆ ಬಿಳಿ ಒತ್ತರ ಕೊಡುವುದು ಬೇರಿಯಂ ಕ್ಲೋರೈಡ್. ಒಂದು ಕಡೆ ಒತ್ತರ, ಒಂದು ಕಡೆ ಗುಳ್ಳೆ ಬಂದರೆ ಕಾರ್ಬೊನೇಟ್. ಬರೀ ಗುಳ್ಳೆ ಆಸಿಡ್, ಬರೀ ಒತ್ತರ ಸಲ್ಫೇಟ್. ಐದನೆಯದಾಗಿ ಸೋಡಿಯಂ ಕ್ಲೋರೈಡ್ ಸೇರಿಸಿದರೆ? ಯಾವುದಕ್ಕೂ ಜಗ್ಗದೆ ಸುಮ್ಮನೆ ಕೂರುತ್ತದೆ, ಅದೇ ಅದರ ಗುರುತು. ಇಂಥವನ್ನು ನೀವೇ ಕಟ್ಟಿ ಗೆಳೆಯರಿಗೆ ಕೊಡಿ. ಬಿಡಿಸುವುದಕ್ಕಿಂತ ಕಟ್ಟುವುದೇ ಕಷ್ಟ, ಕಲಿಯುವುದೂ ಅದರಲ್ಲೇ ಜಾಸ್ತಿ.

ಕೊನೆಯಲ್ಲಿ ಒಂದು ವ್ಯವಹಾರದ ಮಾತು. ಒಂದು ದೇಶದಿಂದ ಅಂತರರಾಷ್ಟ್ರೀಯ ಸ್ಪರ್ಧೆಗೆ ಹೋಗುವುದು ಹೆಚ್ಚೆಂದರೆ ನಾಲ್ಕು ಜನ. ಆಯ್ಕೆಯ ಸುತ್ತುಗಳು, ವಯಸ್ಸಿನ ನಿಯಮ, ಹೆಸರು ಕೊಡುವ ಕೊನೆಯ ದಿನ ಒಂದೊಂದು ದೇಶದಲ್ಲಿ ಒಂದೊಂದು ಥರ. ಪರೀಕ್ಷೆಗೆ ತಿಂಗಳುಗಟ್ಟಲೆ ಮೊದಲೇ ಹೆಸರು ಕೊಡುವ ಗಡುವು ಮುಗಿದಿರಬಹುದು. ಮೋಲ್ ಲೆಕ್ಕ ನಾಳೆ ಮಾಡಿದರೂ ನಡೆಯುತ್ತದೆ, ಗಡುವು ಯಾವತ್ತು ಅಂತ ಕೆಮಿಸ್ಟ್ರಿ ಟೀಚರನ್ನು ಇವತ್ತೇ ಕೇಳಿ.