ಬೆರಳಿಗೆ ನುಣುಪು, ಚರ್ಮಕ್ಕೆ ಉರಿ

ಕತ್ತಿನ ಮೇಲೆ ಏಳುತ್ತಿದ್ದ ಕೆಂಪು ಗುಳ್ಳೆಗಳನ್ನು ನಾನು ಏಳೆಂಟು ವರ್ಷಗಳ ಕಾಲ ನನ್ನ ಚರ್ಮದ ಜಾತಕದೋಷವೆಂದೇ ನಂಬಿಕೊಂಡಿದ್ದೆ. ಬೆಳಿಗ್ಗೆ ಗಡ್ಡ ಮಾಡಿಕೊಂಡರೆ ಮಧ್ಯಾಹ್ನದ ಹೊತ್ತಿಗೆ ಅಂಗಿಯ ಕಾಲರ್ ತಗುಲಿದ ಕಡೆಯೆಲ್ಲ ಉರಿ, ಸಂಜೆಗೆ ತುರಿಕೆ, ಮರುದಿನ ಸಾಸಿವೆ ಗಾತ್ರದ ಗುಳ್ಳೆಗಳು. ಅವುಗಳ ಮೇಲೆಯೇ ಮತ್ತೆ ರೇಜರ್ ಎಳೆದಾಗ ತುದಿ ಹಾರಿ ರಕ್ತ ಬರುತ್ತಿತ್ತು. ಕ್ರೀಮು, ಜೆಲ್, ಅಲಗುಗಳ ಸಂಖ್ಯೆ, ಎಲ್ಲವನ್ನೂ ಬದಲಿಸಿ ನೋಡಿದ್ದೆ. ಎರಡು ಅಲಗಿನಿಂದ ಮೂರಕ್ಕೆ, ಮೂರರಿಂದ ಐದಕ್ಕೆ ಏರಿದ್ದೆನಾದರೂ ಒಂದಕ್ಕೆ ಇಳಿಯಬಹುದೆಂಬ ಯೋಚನೆ ಮಾತ್ರ ನನ್ನ ತಲೆಗೆ ಹೊಳೆದಿರಲಿಲ್ಲ.

ಕೊನೆಗೆ ಚರ್ಮವೈದ್ಯರ ಬಳಿ ಹೋದಾಗ ಅವರು ಭೂತಗನ್ನಡಿಯಲ್ಲಿ ಕತ್ತನ್ನು ನೋಡಿ, ಒಂದು ಗುಳ್ಳೆಯೊಳಗೆ ಸುರುಳಿಯಾಗಿ ಮಲಗಿದ್ದ ಕೂದಲನ್ನು ಕನ್ನಡಿಯಲ್ಲಿ ನನಗೂ ತೋರಿಸಿದರು. "ಎಷ್ಟು ಅಲಗಿನ ರೇಜರ್ ಬಳಸುತ್ತೀರಿ?" ಎಂದು ಕೇಳಿದರು. "ಐದು ಸರ್" ಎಂದೆ, ತುಸು ಹೆಮ್ಮೆಯಿಂದಲೇ. ಹಲವು ಅಲಗುಗಳ ರೇಜರ್‌ನಲ್ಲಿ ಮೊದಲನೆಯದು ಕೂದಲನ್ನು ಸ್ವಲ್ಪ ಮೇಲಕ್ಕೆಳೆದು ಕತ್ತರಿಸುತ್ತದೆ, ಅದು ಹಿಂದಕ್ಕೆ ಸರಿಯುವ ಮೊದಲೇ ಹಿಂದಿನ ಅಲಗು ಇನ್ನಷ್ಟು ಕೆಳಗೆ ಕತ್ತರಿಸುತ್ತದೆ, ಹೀಗೆ ಕೂದಲಿನ ತುದಿ ಚರ್ಮದ ಮಟ್ಟಕ್ಕಿಂತ ಒಳಗೆ ಇಳಿದುಬಿಡುತ್ತದೆ ಎಂದು ಅವರು ವಿವರಿಸಿದರು. ನೇರವಾಗಿ ಬೆಳೆಯುವ ಕೂದಲು ಮತ್ತೆ ಹೊರಗೆ ಬರುತ್ತದೆ. ಓರೆಯಾಗಿ ಅಥವಾ ಗುಂಗುರಾಗಿ ಬೆಳೆಯುವುದು ಮಾತ್ರ ಆ ಚೂಪು ತುದಿಯಿಂದ ಪಕ್ಕದ ಚರ್ಮವನ್ನೇ ಚುಚ್ಚಿಕೊಳ್ಳುತ್ತದೆ, ದೇಹವು ಅದನ್ನು ಹೊರಗಿನಿಂದ ಬಂದ ಮುಳ್ಳೆಂದೇ ತಿಳಿದು ಉರಿಯೂತವನ್ನು ಹೂಡುತ್ತದೆ. ವೈದ್ಯಕೀಯದಲ್ಲಿ ಇದಕ್ಕೆ ಸ್ಯೂಡೋಫಾಲಿಕ್ಯುಲೈಟಿಸ್ ಬಾರ್ಬೆ ಎಂದು ಹೆಸರು. ಗಡ್ಡವಾದ ಮೇಲೆ ಬೆರಳಿನ ಹಿಂಬದಿಯಿಂದ ಕೆನ್ನೆ, ಕತ್ತುಗಳನ್ನು ಸವರಿ, ಎಲ್ಲಿಯೂ ಒರಟಿಲ್ಲವೆಂದು ಖಾತ್ರಿಪಡಿಸಿಕೊಳ್ಳುವುದು ನನ್ನ ನಿತ್ಯದ ಅಭ್ಯಾಸವಾಗಿತ್ತು. ನಾನು ದಿನವೂ ಮೆಚ್ಚಿಕೊಳ್ಳುತ್ತಿದ್ದ ಆ ನುಣುಪೇ ಗುಳ್ಳೆಗಳ ಮೂಲವೆಂದು ತಿಳಿದಾಗ ಸ್ವಲ್ಪ ಅವಮಾನವೇ ಆಯಿತು.

ನಾಲ್ಕು ವಾರ ಗಡ್ಡ ಬಿಡಬೇಕು, ಆಮೇಲೆ ಒಂದೇ ಅಲಗಿನಿಂದ, ಕೂದಲು ಬೆಳೆಯುವ ದಿಕ್ಕಿನಲ್ಲೇ ಗಡ್ಡ ಮಾಡಿಕೊಳ್ಳಬೇಕು ಎಂಬುದು ಅವರ ಸಲಹೆ. ಮೊದಲ ವಾರ ತುರಿಕೆ ಹೆಚ್ಚೇ ಆಯಿತು. ಅನಂತರ ಸಿಕ್ಕಿಕೊಂಡಿದ್ದ ಕೂದಲುಗಳು ಒಂದೊಂದಾಗಿ ತಾವೇ ಹೊರಗೆ ಬಂದವು. ಈ ಬಿಡುವಿನಲ್ಲಿ ಬೆರಳಿನಿಂದ ಸವರಿ ನೋಡಿ, ಎಲ್ಲೆಲ್ಲಿ ಕೂದಲು ಯಾವ ಕಡೆಗೆ ವಾಲಿದೆಯೆಂದು ಕಾಗದದ ಮೇಲೆ ಮುಖದ ಚಿತ್ರ ಬರೆದು ಬಾಣದ ಗುರುತು ಹಾಕಿಕೊಂಡೆ. ಕೆನ್ನೆಯಲ್ಲಿ ಎಲ್ಲವೂ ಕೆಳಮುಖ. ಆದರೆ ಕತ್ತಿನ ಎಡಭಾಗದಲ್ಲಿ ಕೂದಲು ಕೆಳಗಿನಿಂದ ಮೇಲಕ್ಕೆ, ಬಲಭಾಗದಲ್ಲಿ ಅಡ್ಡಡ್ಡವಾಗಿ ಕಿವಿಯ ಕಡೆಗೆ ಬೆಳೆಯುತ್ತಿತ್ತು. ಮೇಲಿನಿಂದ ಕೆಳಗೆ ಎಳೆದರೆ ಕ್ಷೇಮವೆಂದುಕೊಂಡು ಇಷ್ಟು ವರ್ಷ ಎಡಗತ್ತಿನಲ್ಲಿ ನಾನು ಎದುರು ದಿಕ್ಕಿಗೇ ಹೆರೆಯುತ್ತಿದ್ದೆ.

ಕೊಂಡುಕೊಂಡದ್ದು ಎರಡಂಚಿನ ಬ್ಲೇಡ್ ಹಾಕುವ ಹಳೆಯ ಮಾದರಿಯ ಲೋಹದ ರೇಜರ್, ಒಂದು ಬ್ರಷ್ ಮತ್ತು ಗಟ್ಟಿ ಶೇವಿಂಗ್ ಸೋಪು. ಬಿಸಾಡಬಹುದಾದ ತೆಳು ಬ್ಲೇಡಿನ ಈ ರೇಜರ್‌ಗೆ ಕಿಂಗ್ ಕ್ಯಾಂಪ್ ಜಿಲೆಟ್ ಅವರು ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು 1904ರಲ್ಲಿ. ಜೋಡಿ ಅಲಗಿನ ಕಾರ್ಟ್ರಿಜ್, ಅಂದರೆ ಅಲಗುಗಳನ್ನು ಕೂಡಿಸಿಟ್ಟ, ಹಾಗೆಯೇ ಬದಲಿಸುವ ರೇಜರ್ ತಲೆ, ಮಾರುಕಟ್ಟೆಗೆ ಬಂದದ್ದು 1971ರಲ್ಲಿ. ನಡುವಿನ ಅಷ್ಟೂ ವರ್ಷ ಗಂಡಸರ ಮುಖಗಳು ಒಂದೇ ಅಲಗಿನಿಂದ ನಡೆದವೆಂದಾದರೆ ನನ್ನದೂ ನಡೆದೀತು ಎಂಬ ಧೈರ್ಯದಿಂದ ಒಂದು ಭಾನುವಾರ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತೆ.

ಆ ಧೈರ್ಯ ಹತ್ತು ನಿಮಿಷವೂ ಬಾಳಲಿಲ್ಲ. ಗದ್ದದ ಮೇಲೊಂದು, ದವಡೆಯ ಮೂಲೆಯಲ್ಲೊಂದು, ಗಂಟಲ ಉಬ್ಬಿನ ಮೇಲೊಂದು, ಹೀಗೆ ಮೂರು ಗಾಯಗಳಾದವು. ಕಾರ್ಟ್ರಿಜ್ ರೇಜರ್‌ನ ತಲೆ ಮುಖದ ಏರಿಳಿತಕ್ಕೆ ತಾನಾಗಿ ಬಾಗುತ್ತದೆಯಾದ್ದರಿಂದ ಕೈಗೆ ಒತ್ತುವುದೊಂದೇ ಕೆಲಸ. ಲೋಹದ ರೇಜರ್‌ನ ತಲೆ ಬಾಗುವುದಿಲ್ಲ, ಬ್ಲೇಡು ಚರ್ಮಕ್ಕೆ ಸುಮಾರು 30 ಡಿಗ್ರಿ ಓರೆಯಲ್ಲಿ ತಾಗುವಂತೆ ಹಿಡಿಯಬೇಕಾದುದು ನಮ್ಮ ಮಣಿಕಟ್ಟು. ನಾನು ಓರೆಯನ್ನು ತಪ್ಪಿಸಿದ್ದಲ್ಲದೆ ಹಳೆಯ ಅಭ್ಯಾಸದಂತೆ ಒತ್ತಿಯೂ ಇದ್ದೆ. ಆ ರೇಜರ್ ತೂಗುವುದು 80 ಗ್ರಾಂನಷ್ಟು, ಅಷ್ಟು ಭಾರವೇ ಕೂದಲು ಕತ್ತರಿಸಲು ಸಾಕು. ಹಿಡಿಯ ತುದಿಯನ್ನು ಎರಡೇ ಬೆರಳಲ್ಲಿ ಹಿಡಿದರೆ ಒತ್ತಬೇಕೆಂದರೂ ಒತ್ತಲಾಗುವುದಿಲ್ಲ ಎಂಬ ಉಪಾಯ ನನಗೆ ದಕ್ಕಲು ಇನ್ನೆರಡು ವಾರಗಳು ಬೇಕಾದವು. ಕೈಗೆ ಹೊಸದನ್ನು ಕಲಿಸುವುದು ಸುಲಭ, ರೂಢಿಯಾದದ್ದನ್ನು ಮರೆಸುವುದೇ ಕಷ್ಟ.

ರೇಜರ್‌ಗಿಂತ ಹೆಚ್ಚಿನ ಉಪಕಾರ ಮಾಡಿದ್ದು ನೀರು ಎಂದು ಈಗ ನನಗೆ ಅನ್ನಿಸುತ್ತದೆ. ಒಣ ಕೂದಲು ಗಡುಸು. ಬೆಚ್ಚನೆಯ ನೀರಲ್ಲಿ ಎರಡು ಮೂರು ನಿಮಿಷ ನೆನೆದರೆ ಅದು ನೀರು ಹೀರಿ ಉಬ್ಬಿ ಮೆತ್ತಗಾಗುತ್ತದೆ, ಕತ್ತರಿಸಲು ಬೇಕಾಗುವ ಬಲವೂ ಇಳಿಯುತ್ತದೆ. ಮೊದಲು ನಾನು ಮುಖಕ್ಕೆ ಒಂದು ಬೊಗಸೆ ನೀರೆರಚಿಕೊಂಡು, ಡಬ್ಬಿಯಿಂದ ಬುಸ್ಸೆಂದು ಬರುವ ನೊರೆಯನ್ನು ಬಳಿದು ಅರ್ಧ ನಿಮಿಷದಲ್ಲಿ ಕೆಲಸಕ್ಕೆ ಇಳಿಯುತ್ತಿದ್ದೆ. ಆ ನೊರೆಯಲ್ಲಿ ಗಾಳಿಯೇ ಹೆಚ್ಚು. ಈಗ ಸ್ನಾನದ ನಂತರ ಒದ್ದೆ ಬ್ರಷ್ಷಿನಿಂದ ಸೋಪನ್ನು ತಿಕ್ಕಿ, ಬಟ್ಟಲಲ್ಲಿ ಹನಿಹನಿಯಾಗಿ ನೀರು ಸೇರಿಸುತ್ತ ತಿರುವುತ್ತೇನೆ. ಶುರುವಿನಲ್ಲಿ ದೊಡ್ಡ ದೊಡ್ಡ ಗುಳ್ಳೆಗಳೇಳುತ್ತವೆ, ಅದು ನಂಬಬಾರದ ನೊರೆ. ಇನ್ನೂ ತಿರುವಿದಾಗ ಗುಳ್ಳೆಗಳೆಲ್ಲ ಕರಗಿ, ಮಿರುಗುವ, ಮಂದವಾದ, ಬೆರಳ ನಡುವೆ ಜಾರುವ ನೊರೆಯಾಗುತ್ತದೆ. ಅದನ್ನು ಬ್ರಷ್ಷಿನಿಂದ ಸುತ್ತುಸುತ್ತಾಗಿ ಹಚ್ಚುವಾಗ ಚರ್ಮಕ್ಕೆ ಅಂಟಿ ಮಲಗಿದ ಕೂದಲೂ ಎದ್ದು ನಿಲ್ಲುತ್ತದೆ. ಈ ಮೂರು ನಾಲ್ಕು ನಿಮಿಷಗಳು ಆಲಸಿಗೆ ದುಬಾರಿ ಅನ್ನಿಸಬಹುದು. ನಾನೂ ಆಲಸಿಯೇ, ಆದರೆ ದಿನವಿಡೀ ಕತ್ತು ಕೆರೆದುಕೊಳ್ಳುವುದಕ್ಕೆ ಹೋಲಿಸಿದರೆ ಅಗ್ಗ.

ಕೊನೆಯಲ್ಲಿ ತಣ್ಣೀರಲ್ಲಿ ಮುಖ ತೊಳೆದು ಪಟಿಕದ ತುಂಡನ್ನು ಉಜ್ಜಿಕೊಳ್ಳುತ್ತೇನೆ. ಸಣ್ಣ ಗಾಯಗಳ ರಕ್ತವನ್ನು ನಿಲ್ಲಿಸುವ ಗುಣ ಪಟಿಕಕ್ಕಿದೆ. ನನಗೆ ಅದಕ್ಕಿಂತ ಮುಖ್ಯವಾದುದು ಅದು ಕೊಡುವ ತೀರ್ಪು. ಎಲ್ಲಿ ಹೆಚ್ಚು ಒತ್ತಿದ್ದೆನೋ, ಎಲ್ಲಿ ನೊರೆಯಿಲ್ಲದೆ ಎರಡನೆಯ ಸಲ ಎಳೆದಿದ್ದೆನೋ ಅಲ್ಲಿ ಮಾತ್ರ ಚುರ್ರೆನ್ನುತ್ತದೆ. ಮೊದಲ ತಿಂಗಳು ಇಡೀ ಕತ್ತು ಉರಿಯುತ್ತಿತ್ತು, ಮೂರನೆಯ ತಿಂಗಳ ಹೊತ್ತಿಗೆ ಹಲವು ದಿನ ಅದು ಏನನ್ನೂ ಹೇಳದೆ ಸುಮ್ಮನಾಯಿತು. ಗುಳ್ಳೆಗಳು ಹೋದದ್ದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ.

ಬ್ಲೇಡಿನ ವಿಷಯದಲ್ಲಿ ನನ್ನ ಜಿಪುಣತನವೂ ಹಳೆಯ ತೊಂದರೆಗೆ ಪಾಲುದಾರನಾಗಿತ್ತು. ಕಾರ್ಟ್ರಿಜ್ ದುಬಾರಿಯೆಂದು ತಿಂಗಳುಗಟ್ಟಲೆ ಎಳೆಯುತ್ತಿದ್ದೆ. ಕೂದಲು ಉಕ್ಕಿಗಿಂತ 50 ಪಟ್ಟು ಮೃದುವಾಗಿದ್ದರೂ ಅಲಗು ಏಕೆ ಬೇಗ ಮೊಂಡಾಗುತ್ತದೆಂಬ ಪ್ರಶ್ನೆಗೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಉತ್ತರ ಕಂಡುಕೊಂಡರು. ಬಾಗಿದ ಕೂದಲು ಓರೆಯಾಗಿ ತಾಗಿದಾಗ, ಉಕ್ಕಿನ ರಚನೆ ಏಕರೂಪವಾಗಿಲ್ಲದ ಕಡೆ ಅಲಗಿನ ಅಂಚು ಚಕ್ಕೆ ಏಳುತ್ತದಂತೆ. ನನ್ನ ಕತ್ತಿನ ಮೇಲೆ ಹರಿದಾಡುತ್ತಿದ್ದುದು ಅಂಥ ಹಲ್ಲುಮುರುಕ ಅಂಚುಗಳೇ ಇರಬೇಕು. ಈಗ ಐದು ಸಲಕ್ಕೊಮ್ಮೆ ಬ್ಲೇಡು ಬದಲಿಸುತ್ತೇನೆ.

ವಿಮಾನದ ಕ್ಯಾಬಿನ್ನಿನೊಳಗೆ ಒಯ್ಯುವ ಚೀಲದಲ್ಲಿ ಈ ಬಿಡಿ ಬ್ಲೇಡುಗಳಿಗೆ ಅವಕಾಶವಿಲ್ಲ. ಕಳೆದ ವರ್ಷ ಕೈಚೀಲವೊಂದನ್ನೇ ಹಿಡಿದು ಹೊರಟ ನಾಲ್ಕು ದಿನದ ಪ್ರವಾಸದಲ್ಲಿ ಹಳೆಯ ಐದಲಗಿನ ರೇಜರನ್ನೇ ಒಯ್ದಿದ್ದೆ. ಮೊದಲ ದಿನದ ನುಣುಪು, ಸುಳ್ಳೇಕೆ ಹೇಳಲಿ, ಅಪ್ಪಟ ಸುಖ ಕೊಟ್ಟಿತು. ಮೂರನೆಯ ದಿನ ಎಡಗತ್ತಿನಲ್ಲಿ ನಾಲ್ಕು ಕೆಂಪು ಚುಕ್ಕೆಗಳು ಹಾಜರಾಗಿದ್ದವು.

ಲೋಹದ ರೇಜರ್ ಅಷ್ಟು ನುಣುಪನ್ನು ಕೊಡುವುದಿಲ್ಲ, ನಾನು ಕೇಳುವುದೂ ಇಲ್ಲ. ಎಡದವಡೆಯ ಅಡಿಯಲ್ಲಿ, ಕೂದಲು ಸುಳಿಯಾಗಿ ಬೆಳೆಯುವ ಒಂದು ಬೊಟ್ಟಿನಗಲದ ಜಾಗವಿದೆ. ಅಲ್ಲಿ ಯಾವ ದಿಕ್ಕಿನಿಂದ ಎಳೆದರೂ ಕೊಂಚ ಒರಟು ಉಳಿಯುತ್ತದೆ. ಮುಖ ತೊಳೆದ ಮೇಲೆ ಇಂದಿಗೂ ಬೆರಳು ತಾನಾಗಿಯೇ ಅಲ್ಲಿಗೆ ಹೋಗುತ್ತದೆ, ಇನ್ನೊಂದು ಸಲ ಎಳೆದುಬಿಡೋಣವೆಂದು ಕೈ ತವಕಿಸುತ್ತದೆ. ರೇಜರನ್ನು ತೊಳೆದು, ಒರೆಸಿ, ಗೂಡಿನಲ್ಲಿಟ್ಟು ಬಿಡುತ್ತೇನೆ.